ಇನ್ನೊಂದು ಗಂಟು

ಮೊದಲು ಸಣ್ಣದಾದದ್ದು ನನ್ನ ಅಕ್ಷರ.

ಚನ್ನಗಿರಿಯ ನಮ್ಮ ನರ್ಸಿಂಗ್ ಹೋಮಿನ ಎದುರಿಗಿರುವ ಮೆಡಿಕಲ್ ಶಾಪಿನವನು ಒಂದು ದಿನ ಚೀಟಿ ಹಿಡಿದುಕೊಂಡು ಬಂದು, ಇದು ಐದೋ ಐವತ್ತೋ ಎಂದು ಕೇಳಿದ. ಡಾಕ್ಟರ ಅಕ್ಷರ ನಿನಗೆ ಹೊಸದೇನಯ್ಯ ಎಂದು ನಗಾಡಿ ಕಳಿಸಿದೆ. ಆಮೇಲೆ ಹಳೆಯ ಕೇಸ್ ಶೀಟುಗಳನ್ನು ತೆಗೆದು ನೋಡಿದೆ. ಎರಡು ವರ್ಷದ ಹಿಂದೆ ಗತ್ತಿನಿಂದ ಅರ್ಧ ಸಾಲು ತಿನ್ನುತ್ತಿದ್ದ ನನ್ನ ಸಹಿ ಈಗ ಮೂಲೆಯಲ್ಲಿ ಮುದುರಿ ಕೂತಿತ್ತು.

ಹೆಂಡತಿ ಸುಧಾ ಹೈಸ್ಕೂಲ್ ಟೀಚರ್. ಅವಳ ಕಣ್ಣಿಗೆ ಬಿದ್ದದ್ದು ಬೇರೆ. ನಡೆಯುವಾಗ ನನ್ನ ಎಡಗೈ ಬೀಸುತ್ತದೆ, ಬಲಗೈ ಸುಮ್ಮನೆ ಜೋತುಬಿದ್ದಿರುತ್ತದೆ ಎಂದಳು. ಅವಳೇ ಹಟ ಹಿಡಿದು ದಾವಣಗೆರೆಗೆ ಕರೆದೊಯ್ದಳು. ನ್ಯೂರಾಲಜಿಸ್ಟ್ ನನಗಿಂತ ಚಿಕ್ಕವರು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ತೆಗೆಯಲು ಹೇಳಿದರು. ಕಾರಿಡಾರಿನಲ್ಲಿ ನಡೆಸಿದರು. ಅವರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗಿತ್ತು.

ಪಾರ್ಕಿನ್ಸನ್ಸ್.

ಮಾತ್ರೆಗಳಿವೆ, ವರ್ಷಗಟ್ಟಲೆ ಚೆನ್ನಾಗಿಯೇ ಇರಬಹುದು ಎಂದರು. ಆದರೆ ಕೈಯನ್ನು ಸರಿಯಾಗಿ ಪರೀಕ್ಷೆ ಮಾಡುವವರೆಗೆ ನೀವು ಆಪರೇಷನ್ ಮಾಡುವುದನ್ನು ನಿಲ್ಲಿಸಿ, ಜೊತೆಗೆ ಕೆಲಸ ಮಾಡುವವರಿಗೆ ತಿಳಿಸಿ ಎಂದರು. ಆಗಲಿ ಎಂದೆ. ಸುಧಾಳಿಗೂ ಆಗಲಿ ಎಂದೆ. ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಆಪರೇಷನ್ನೂ ನಿಲ್ಲಿಸಲಿಲ್ಲ.

ಯಾಕೆ ಎಂದು ಕೇಳಿದರೆ ನಾಚಿಕೆ ಬಿಟ್ಟು ಹೇಳುತ್ತೇನೆ. ಮೆಡಿಕಲ್ ಕಾಲೇಜಿನಲ್ಲಿ ನಾನು ಫುಟ್‌ಬಾಲ್ ಹೀರೋ. ಬೇರೆ ಕಾಲೇಜಿನವರು ನನ್ನೊಬ್ಬನಿಗೆ ಇಬ್ಬರನ್ನು ಕಾವಲಿಗೆ ಬಿಡುತ್ತಿದ್ದರು. ಒಂದು ಫೈನಲ್‌ನಲ್ಲಿ ಪಾದದ ಕೀಲು ಊದಿ ಬೂಟು ಬಿಗಿದುಹೋಗಿತ್ತು. ಕೋಚ್ ಕೇಳಿದಾಗ 'ಏನಿಲ್ಲ ಸಾರ್' ಎಂದೆ. ಅದೇ ಕಾಲಲ್ಲಿ ಗೋಲು ಹೊಡೆದೆ, ಹುಡುಗರು ಹೆಗಲ ಮೇಲೆ ಹೊತ್ತು ಕುಣಿದರು. ನೋವು ಮುಚ್ಚಿಡುವುದೇ ಗಂಡಸುತನ ಎಂದು ಆವತ್ತು ತಲೆಗೆ ಹೊಕ್ಕದ್ದು, ಸರ್ಜನ್ ಆದ ಮೇಲೂ ಇಳಿಯಲಿಲ್ಲ. ಆಟದಲ್ಲಿ ಮುರಿಯಬಹುದಾಗಿದ್ದದ್ದು ನನ್ನ ಕಾಲು ಮಾತ್ರ. ಈ ಸಣ್ಣ ವ್ಯತ್ಯಾಸ ಹೊಳೆಯಲು ನನಗೆ ಒಬ್ಬ ಹೆಣ್ಣುಮಗಳ ಹೊಟ್ಟೆ ಬೇಕಾಯಿತು.

ಗಿರಿಜಮ್ಮ ಸವಳಂಗದವರು. ನಲವತ್ತರ ಆಸುಪಾಸು, ಕೂಲಿ ಕೆಲಸ. ಹೊಟ್ಟೆನೋವೆಂದು ಬಂದಿದ್ದರು. ಅಪೆಂಡಿಕ್ಸ್. ಕಣ್ಣು ಮುಚ್ಚಿಕೊಂಡು ಮಾಡುವ ಆಪರೇಷನ್ ಅದು, ನನ್ನ ಲೆಕ್ಕದಲ್ಲಿ. ಮಾತ್ರೆ ನುಂಗಿ, ಅದು ಹತ್ತುವ ಹೊತ್ತು ನೋಡಿಕೊಂಡೇ ಬೆಳಿಗ್ಗೆ ಶುರು ಮಾಡಿದೆ. ರಕ್ತನಾಳಕ್ಕೆ ದಾರ ಕಟ್ಟುವಾಗ ಬಲಗೈ ಬೆರಳು ಒಂದು ಗಳಿಗೆ ತಡೆಯಿತು. ನಡುಗಲಿಲ್ಲ. ಹೇಳಿದ ಮಾತು ಕೇಳದೆ ಸುಮ್ಮನೆ ನಿಂತುಬಿಟ್ಟಿತು. ಮತ್ತೆ ಎಳೆದೆ. ಎದುರಿಗಿದ್ದ ಶಾಂತಮ್ಮ ಸಿಸ್ಟರ್ ಇಪ್ಪತ್ತು ವರ್ಷದಿಂದ ನನ್ನ ಕೈ ನೋಡುತ್ತ ಬಂದವರು.

"ಸಾರ್, ಇನ್ನೊಂದು ಗಂಟು ಹಾಕ್ರಿ" ಎಂದರು ಮೆಲ್ಲಗೆ.

"ಸಾಕು" ಎಂದೆ.

ಮಧ್ಯಾಹ್ನ ಮೂರಕ್ಕೆ ಗಿರಿಜಮ್ಮನ ಪಲ್ಸ್ ಏರಿತು, ಬಿಪಿ ಇಳಿಯಿತು, ತುಟಿ ಬಿಳುಚಿತು. ಮತ್ತೆ ಹೊಟ್ಟೆ ತೆರೆದೆ. ಒಳಗೆಲ್ಲ ರಕ್ತ. ದಾರ ಜಾರಿತ್ತು. ಆ ಗಂಟು ಯಾರ ಕೈಯಲ್ಲೂ ಜಾರಬಹುದು, ಪುಸ್ತಕದಲ್ಲೂ ಹಾಗೇ ಇದೆ. ನಾನು ಇದನ್ನು ನನಗೆ ನೂರು ಸಲ ಹೇಳಿಕೊಂಡಿದ್ದೇನೆ. ಒಂದು ಸಲವೂ ನಂಬಿಕೆ ಬಂದಿಲ್ಲ.

ಎರಡು ಬಾಟಲಿ ರಕ್ತ ಕೊಟ್ಟೆವು. ಅವರು ಉಳಿದರು.

ಡಿಸ್ಚಾರ್ಜ್ ದಿನ ಅವರ ಗಂಡ ಬಾಗಿಲಲ್ಲೇ ನನ್ನ ಕಾಲು ಹಿಡಿದರು. "ನೀವು ಇದ್ದಿದ್ದಕ್ಕೆ ನಮ್ಮಾಕೆ ಉಳಿದಳು ಸಾರ್. ದೇವರಿದ್ದಂಗೆ ನೀವು" ಎಂದರು. ನಾನು ಅವರನ್ನು ಎಬ್ಬಿಸಿದೆ. ಮಾಡಿದ ತಪ್ಪಿಗೆ ಪೂಜೆ ಮಾಡಿಸಿಕೊಂಡು ನಿಂತೆ.

ಅಲ್ಲಿಂದ ಶುರುವಾಯಿತು. ಊಟಕ್ಕೆ ಕೂತರೆ ಆ ಬಿಳುಚಿದ ತುಟಿ. ಟವೆಲಿನ ಅಂಚು ಕೈಗೆ ಸಿಕ್ಕರೆ ಬೆರಳುಗಳು ತಾವೇ ಗಂಟು ಹಾಕುತ್ತಿದ್ದವು, ಒಂದು, ಎರಡು, ಮೂರು, ಮತ್ತೆ ಇನ್ನೊಂದು. ಸುಧಾ ಏನೂ ಕೇಳದೆ ಅವನ್ನು ಬಿಚ್ಚುತ್ತಿದ್ದಳು. ಒಂದು ಭಾನುವಾರ ಅವಳಿಗೆ ಎಲ್ಲ ಹೇಳಿ ಅತ್ತೆ. ಸೋಮವಾರ ನರ್ಸಿಂಗ್ ಹೋಮಿನಲ್ಲಿ ಎಲ್ಲರಿಗೂ ಹೇಳಿದೆ. ಆವತ್ತಿನಿಂದ ಚಾಕು ಮುಟ್ಟಿಲ್ಲ. ಶಾಂತಮ್ಮ ಸಿಸ್ಟರ್ ಮಾತ್ರ ಹಿಂದೆ ಉಳಿದು, "ನಂಗೆ ಅನುಮಾನ ಇತ್ತು ಸಾರ್. ನಿಮಗೆ ಹೆಂಗೆ ಹೇಳಾದು ಅಂತ ಸುಮ್ಮನಿದ್ದೆ" ಎಂದು ಕಣ್ಣೊರೆಸಿಕೊಂಡರು. ಬಾಯಿ ಬಿಡಲು ನನಗಿದ್ದ ಭಯ ಅವರಿಗೂ ಅಂಟಿತ್ತು.

ಕಳೆದ ವಾರ ಸವಳಂಗಕ್ಕೆ ಹೋದೆವು. ಕಾರು ಓಡಿಸಿದ್ದು ಸುಧಾ. ಗಿರಿಜಮ್ಮ ಸಡಗರದಿಂದ ಕುರ್ಚಿ ಹಾಕಿದರು. ಕೂರಲಿಲ್ಲ. ನಿಂತೇ ಹೇಳಿದೆ. ಕಾಯಿಲೆ, ಕೈ, ಗಂಟು, ಸಿಸ್ಟರ್ ಹೇಳಿದ್ದು, ನಾನು ಕೇಳದೆ ಹೋದದ್ದು.

"ಅವತ್ತು ನಿಮ್ಮ ಕೈ ಹಿಂಗೈತೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಗಿರಿಜಮ್ಮ ಕೇಳಿದರು.

"ಗೊತ್ತಿತ್ತಮ್ಮ."

ಗೋಡೆಗೆ ಒರಗಿ ಕೂತಿದ್ದ ಅವರ ಗಂಡ ಎದ್ದು ಹೊರಗೆ ಹೋದರು. ಗಿರಿಜಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು. ನನ್ನಿಂದ ಮುಚ್ಚಿಟ್ಟುಕೊಳ್ಳುವಂತೆ.

"ಈಗ ಬ್ಯಾರೆಯವರಿಗೆ ಆಪರೇಷನ್ ಮಾಡ್ತಿದೀರಾ?"

"ಇಲ್ಲ. ಬಿಟ್ಟೆ."

"ಹಂಗಾರೆ ಕೂತ್ಕಳ್ರಿ" ಎಂದು ಒಳಗೆ ಹೋಗಿ ಚಾ ತಂದರು.

ಅದನ್ನು ಕ್ಷಮೆ ಎಂದು ಕರೆಯುವ ಧೈರ್ಯ ನನಗಿಲ್ಲ. ಕೂತೆ, ಕುಡಿದೆ. ಅವರ ಗಂಡ ನಾವು ಹೊರಡುವವರೆಗೂ ಒಳಗೆ ಬರಲಿಲ್ಲ.