ಹುಸೇನಪೀರರ ಹಳೇ ಕ್ಯಾಮೆರಾ

ಹುನಗುಂದದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಸೇನಪೀರ ಅಂಗಳದ ಒಲೆಯ ಮುಂದೆ ಕುಳಿತು ಮೈದಾಹಿಟ್ಟಿನ ಅಂಟು ಕುದಿಸುತ್ತಿದ್ದಾರೆ. ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ ಹಾಕಿ ಕೈಬಿಡದೆ ತಿರುವುತ್ತಾರೆ. ಕಚೇರಿ ತೆರೆಯುವುದರೊಳಗೆ ಎಂಟು ಲೆಕ್ಕದ ದಫ್ತರಗಳಿಗೆ ರಟ್ಟು ಕಟ್ಟಿ ಕೊಡಬೇಕು.

"ರಟ್ಟು ಕಟ್ಟಿದಾವ ಯಾರಂತ ಯಾರರೆ ಕೇಳ್ತಾರೇನ್ರಿ? ಫೋಟೋ ತಗದಾವನ ಹೆಸರು ಮಾತ್ರ ಪಟದ ಕೆಳಗ ಬಂಗಾರದ ಅಕ್ಷರದಾಗ ಇರತೈತಿ" ಎಂದು ಎದುರು ಕುಳಿತ ನನಗೆ ಹೇಳುತ್ತಾರೆ.

ಆ ಹೆಸರು ಮಲೀಕಸಾಬರದು. ಇಬ್ಬರೂ ಬಾಗಲಕೋಟೆಯಲ್ಲಿ ಒಬ್ಬರೇ ಉಸ್ತಾದರ ಬಳಿ ಫೋಟೋ ತೆಗೆಯುವುದನ್ನು ಕಲಿತವರು. ತಂದೆ ತೀರಿಕೊಂಡಾಗ ಹುಸೇನಪೀರ ರಟ್ಟು ಕಟ್ಟುವ ಮನೆಯ ಕಸುಬಿಗೆ ಮರಳಬೇಕಾಯಿತು. ಮಲೀಕಸಾಬ ಅಲ್ಲೇ ಉಳಿದು ಅಂಗಡಿ ಹಾಕಿದರು. ಈಗ ಇಳಕಲ್ಲಿನ ಸೀರೆ ವ್ಯಾಪಾರಿಗಳಿಂದ ಹಿಡಿದು ಬಾದಾಮಿಗೆ ಬರುವ ಸಾಹೇಬರವರೆಗೆ ಎಲ್ಲರೂ ಕೂರುವುದು ಅವರ ಮುಂದೆಯೇ.

"ಹೊಟ್ಟಿಕಿಚ್ಚಿಲ್ಲ ಅಂದ್ರ ಸುಳ್ಳಾಕೈತ್ರಿ. ಅವನ ಗಾಡಿ ಊರಾಗ ಬಂತಂದ್ರ ಅವತ್ತ ನನಗ ರೊಟ್ಟಿ ಇಳಿಯಂಗಿಲ್ಲ."

ಹೋದ ವರ್ಷ, 1912ರಲ್ಲಿ, ವರ್ಗವಾಗಿ ಹೊರಟ ಸರ್ವೆ ಸಾಹೇಬರೊಬ್ಬರಿಂದ ಇವರು ಹಳೆಯ ಫಿಲ್ಮ್ ಕ್ಯಾಮೆರಾ ಕೊಂಡರು. ತೆಗೆದ ಮೊದಲ ಚಿತ್ರಗಳಲ್ಲೆಲ್ಲ ಅಡ್ಡಕ್ಕೆ ಬಿಳಿ ಗೆರೆ. ಎಲ್ಲಿಂದಲೋ ಬೆಳಕು ನುಗ್ಗುತ್ತಿತ್ತು.

ಅದೇ ಹೊತ್ತಿಗೆ ತಾಯಿ ಮಾಸುಮಬಿ ಹಜ್ಜಿಗೆ ಹೊರಟರು. ಜನ್ಮದಲ್ಲಿ ಫೋಟೋ ಬೇಡವೆಂದಿದ್ದ ಆ ಹಿರಿಯರು ಮೊಮ್ಮಕ್ಕಳ ಸಲುವಾಗಿ ಒಪ್ಪಿದರು. "ಹಡಗಿನ ದಾರಿ. ಬರ್ತೇನೋ ಇಲ್ಲೋ ಅಲ್ಲಾಗ ಗೊತ್ತು. ಮಲೀಕನ್ನ ಕರಿ, ಅವ ಚಲೋ ತಗೀತಾನ" ಎಂದರು.

ಮಗನ ಎದೆಗೆ ಕೆಂಡ ಬಿದ್ದಂತಾಯಿತು. ಮಲೀಕಸಾಬರಿಗೆ ಹೇಳಿಕಳಿಸಿದರು, ನಿಜ. ಆದರೆ ಮರುದಿನವೇ ತಲೆಯ ಮೇಲೆ ಕಂಬಳಿ ಹೊದ್ದು, ಕ್ಯಾಮೆರಾದ ಹಿಂಬದಿ ತೆರೆದು, ಅದನ್ನು ಬಿಸಿಲಿಗೆ ಹಿಡಿದು ಒಳಗೆ ಕಣ್ಣಿಟ್ಟರು. ಮಡಿಕೆ ಮಡಿಕೆಯಾಗಿ ಹಿಗ್ಗುವ ಚರ್ಮದ ತಿದಿಯ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಹೊಳೆಯುತ್ತಿದ್ದವು. ರಟ್ಟಿಗೆ ಹಾಕುವ ಬಟ್ಟೆಯ ತೇಪೆ ಹಚ್ಚಿದರು. ಅದು ದಪ್ಪವಾಗಿ ತಿದಿ ಮಡಚಲೇ ಇಲ್ಲ. ಒತ್ತಿದರೆ ಚರ್ಮ ಇನ್ನಷ್ಟು ಹರಿಯಿತು.

"ಅವತ್ತ ಕ್ಯಾಮೆರಾನ ಬಾವ್ಯಾಗ ಒಗೀಬೇಕನಿಸಿತ್ರಿ. ಮಲೀಕ ನಕ್ಕಾನು ಅಂತ ಬಿಟ್ಟೆ."

ಕೊನೆಗೆ ಹರಿದ ಕೊಡೆಯ ಕರಿ ಬಟ್ಟೆ ಕತ್ತರಿಸಿ, ಗೋಂದಿಗೆ ಕಾಡಿಗೆ ಮತ್ತು ಜೇನುತುಪ್ಪ ಬೆರೆಸಿ ಅಂಟಿಸಿದರು. ಜೇನಿದ್ದರೆ ಗೋಂದು ಒಣಗಿದರೂ ಸೆಟೆಯುವುದಿಲ್ಲ. ತಿದಿ ಮಡಚಿಕೊಂಡಿತು. ಉಳಿದದ್ದು ಒಂದೇ ಫಿಲ್ಮ್ ಸುರುಳಿ, ಮುಂಬಯಿಯಿಂದ ಬೇರೆ ತರಿಸಲು ಹೊತ್ತಿರಲಿಲ್ಲ.

ಮಲೀಕಸಾಬ ಬಂದು ಗಾಜಿನ ಫಲಕದ ಮೇಲೆ ಮಾಸುಮಬಿಯ ಚಿತ್ರ ಹಿಡಿದರು. ಮಲೀಕಸಾಬ ತಮ್ಮ ಸಾಮಾನು ಪೆಟ್ಟಿಗೆಗೆ ತುಂಬುವಾಗ ಹುಸೇನಪೀರ ತಮ್ಮ ಕ್ಯಾಮೆರಾ ತಂದರು.

"ಮತ್ತ ಕೂಡ್ಲೇನೋ? ನಾ ಏನ್ ಗೊಂಬಿ ಏನು?" ಎಂದು ತಾಯಿ ಗದರಿದರು. ಆದರೂ ಕುಳಿತರು. ಮಲೀಕಸಾಬ ಬಂದು, ಮುಖದ ನೆರಳು ತಿಳಿಯಾಗಲೆಂದು ಬಿಳಿ ಧೋತರ ಹಿಡಿದು ನಿಂತರು.

"ಹಿಡಿ ಅಂತ ನಾ ಹೇಳಿದ್ದಿಲ್ರಿ. ಅವನ ಒಳ್ಳೇತನಾನೂ ನನಗ ಸೇರಲಿಲ್ಲ."

ಹುಸೇನಪೀರರ ಚಿತ್ರದಲ್ಲಿ ಈಗಲೂ ಸೆರಗಿನ ಅಂಚಿಗೆ ಸಣ್ಣ ಬಿಳಿ ಗೆರೆ ಇದೆ. ಮುಖ ಸ್ಪಷ್ಟ, ಕಣ್ಣಲ್ಲಿ ಸಿಟ್ಟು. ಹೊರಡುವ ಮುನ್ನ ಮಾಸುಮಬಿ ಎರಡನ್ನೂ ನೋಡಿದರು. "ಮಲೀಕನ ಪಟದಾಗಿನಾಕಿ ಯಾರೋ ದೊಡ್ಡ ಮನಿಯಾಕಿ ಅದಾಳ. ನಿನ್ನ ಬೈಯೂ ಅಮ್ಮ ಇದರಾಗ ಅದಾಳ ನೋಡು."

ಆದರೂ ಮನೆಗೆ ಬಂದವರು ಮಲೀಕಸಾಬರ ಪಟವನ್ನೇ ಹೊಗಳುತ್ತಾರೆ. ನಾನೂ ಮೊದಲು ಅದನ್ನೇ ನೋಡಿದೆ. ಹುಸೇನಪೀರ ಅದನ್ನು ಗಮನಿಸಿದರು. ಇನ್ನು ಏನಾಗಬೇಕೆಂದು ನಿಮ್ಮ ಆಸೆ ಎಂದು ಕೇಳಿದೆ.

"ಅಮ್ಮ ತಿರುಗಿ ಬರಲಿ, ಅಷ್ಟ ಸಾಕ್ರಿ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದರು: "ಬಂದ ದಿನ ಮಲೀಕನ್ನ ಕರಿಯಂಗಿಲ್ಲ. ನಾ ಒಬ್ಬನ ತಗೀತೇನಿ."