ಸುಳ್ಳು ಎಂದು ಸಾರಿದ ಆಟೋ

ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋದ ವರ್ಷ ವಾರ್ಷಿಕೋತ್ಸವಕ್ಕೆ ವಿದ್ಯಾರ್ಥಿಗಳು ಜೋಂಬಿ ನಾಟಕವೇ ಬೇಕೆಂದು ಹಟ ಹಿಡಿದರು. ಮೊಬೈಲಿನಲ್ಲಿ ಅಂಥ ಸಿನಿಮಾಗಳನ್ನು ನೋಡಿ ನೋಡಿ, ಸತ್ತವರು ಎದ್ದು ಬಂದು ಕಚ್ಚುವುದು ಅವರಿಗೆ ಬಾಯಿಪಾಠವಾಗಿತ್ತು. ನನಗೆ ಆ ಕಥೆಗಳಲ್ಲಿ ಹೆಣಗಳಿಗಿಂತ ಸರ್ಕಾರವೇ ಹೆಚ್ಚು ಇಷ್ಟ. ರೋಗ ಬೀದಿಗೆ ಬಂದಿರುತ್ತದೆ, ಸಾಹೇಬರು ಟೀವಿಯಲ್ಲಿ ನಗುತ್ತಾ ‘ಏನೂ ಆಗಿಲ್ಲ’ ಎನ್ನುತ್ತಿರುತ್ತಾರೆ. ಅದನ್ನೇ ಹಿಡಿದು ಬರೆದೆ. ಪುಣಜನೂರಿನ ಕಾಡಂಚಿನಲ್ಲಿ ರೋಗ ಹುಟ್ಟುತ್ತದೆ; ದೊಡ್ಡ ಅಧಿಕಾರಿಯೊಬ್ಬ ಮುಚ್ಚಿಡುತ್ತಾನೆ.

ಅಧಿಕಾರಿಯ ಪ್ರಕಟಣೆಗೆ ಗಟ್ಟಿ ದನಿ ಬೇಕಿತ್ತು. ಗುಂಡ್ಲುಪೇಟೆಯಲ್ಲಿರುವ ನನ್ನ ಅಕ್ಕನ ಗಂಡ ಆಟೋಗೆ ಮೈಕು ಕಟ್ಟಿಕೊಂಡು ಊರೂರಲ್ಲಿ ಅಂಗಡಿಗಳ ಪ್ರಚಾರ ಮಾಡುವವರು. ಒಂದು ಭಾನುವಾರ ಅವರ ಮನೆಗೆ ಹೋಗಿ ಕೇಳಿದೆ. ಭಾವ ಖುಷಿಯಿಂದ ಓದಿ, ರೆಕಾರ್ಡ್ ಮಾಡಿ, ತಮ್ಮ ಪೆನ್‌ಡ್ರೈವಿಗೇ ಹಾಕಿಕೊಂಡರು. ಅದರಲ್ಲಿ ಸೀರೆ ಅಂಗಡಿಯೊಂದರ ಪ್ರಚಾರವೂ ಇತ್ತು.

ಮಾರನೆಯ ಬೆಳಿಗ್ಗೆ ಭಾವ ಹತ್ತಿರದ ಹಳ್ಳಿ ಭೀಮನಬೀಡಿನಲ್ಲಿ ಆಟೋ ನಿಲ್ಲಿಸಿ, ಸೀರೆಯ ಪ್ರಚಾರ ಹಾಕಿ ಟೀ ಕುಡಿಯಲು ಹೋದರಂತೆ. ಸೀರೆ ಮುಗಿಯಿತು. ಮೈಕು ಮಾತ್ರ ನಿಲ್ಲಲಿಲ್ಲ.

“ಸಾರ್ವಜನಿಕರಲ್ಲಿ ವಿನಂತಿ. ಪುಣಜನೂರಿನಲ್ಲಿ ಸತ್ತವರು ಎದ್ದು ಓಡಾಡುತ್ತಿದ್ದಾರೆ ಎಂಬುದು ಶುದ್ಧ ಸುಳ್ಳು. ಯಾರೂ ಗಾಬರಿಯಾಗಬಾರದು. ಬಾಗಿಲು ಭದ್ರಪಡಿಸಿಕೊಂಡು ಮನೆಯೊಳಗೇ ಇರಬೇಕು.”

ಅಲ್ಲಿಯವರೆಗೆ ಗಾಬರಿಯಾಗುವ ಯೋಚನೆ ಯಾರಿಗೂ ಇರಲಿಲ್ಲ. “ಸುಳ್ಳಾದ್ರೆ ಮೈಕ್ ಕಟ್ಕೊಂಡು ಯಾಕ್ಲಾ ಏಳ್ತಾವ್ರೆ? ಏನೋ ಆಗದೆ ಕಣ್ಲಾ!” ಎಂದು ಯಾರೋ ಕೂಗಿದ್ದೇ ತಡ, ಅಂಗಡಿಗಳ ಬಾಗಿಲು ಬಿದ್ದವು, ಹೊಲಕ್ಕೆ ಹೊರಟವರು ಹಿಂತಿರುಗಿದರು. ಭಾವ ಓಡಿಬಂದು ಮೈಕು ಹಿಡಿದು, “ಏನೂ ಆಗಿಲ್ಲ, ಅದು ನಾಟಕದ್ದು” ಎಂದರು. ಅದೇ ದನಿ!

“ನೋಡ್ರಪ್ಪಾ, ಈಗ ನಾಟ್ಕ ಅಂತಾವ್ನೆ!”

ನಾನಿನ್ನೂ ಅಕ್ಕನ ಮನೆಯಲ್ಲೇ ಇದ್ದೆ. ಭಾವ ಫೋನು ಮಾಡಿದರು. “ಬೇಗ ಬಾ ಕಣಮ್ಮಿ. ಊರೋರು ಆಟೋ ಕೀ ಕಿತ್ಕೊಂಡ್‌ಬುಟ್ಟವ್ರೆ. ನಾನ್ ಬಾಯ್ ಬುಟ್ರೆ ಸಾಕು, ಇನ್ನೂ ಎದರ್ಕತಾವ್ರೆ!”

ಅಕ್ಕನ ಸ್ಕೂಟರ್ ಹತ್ತಿ ಹೋದೆ. ಅರಳೀಕಟ್ಟೆಯ ಸುತ್ತ ಜನ ನೆರೆದಿದ್ದರು. ‘ಸುಳ್ಳು’ ಎಂಬ ಪದವನ್ನೇ ಬಾಯಿಗೆ ತರಬಾರದು ಎಂದುಕೊಂಡು ಕಟ್ಟೆಯ ಮೇಲೆ ಕೂತು ನಾಟಕದ ಕಥೆಯನ್ನು ಮೊದಲಿನಿಂದ ಹೇಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಮುಖದ ಬಿಗಿ ಸಡಿಲವಾಗಿತ್ತು. ಒನಕೆ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಅದನ್ನು ಪಕ್ಕಕ್ಕಿಟ್ಟು ಕೂತರು.

“ಕಚ್ಚುಸ್ಕಂಡೋರೂ ಅಂಗೇ ಆಗೋಯ್ತಾರಾ?”

“ಹೌದಜ್ಜಿ.”

“ಮತ್ತೆ ಆ ಸಾಯೇಬ ಮೊದ್ಲೇ ದಿಟ ಏಳ್ಬುಟ್ಟಿದ್ರೆ ನಾವು ಬಾಗ್ಲಾಕ್ಕೊಂಡು ಇರ್ತಿರ್ಲಿಲ್ವಾ? ಮುಚ್ಚಾಕಿ ಅವುನ್ಗೇನ್ ಬಂತು?”

ನಾಟಕ ಬರೆಯುವಾಗ ನನಗೆ ಹೊಳೆಯದ ಪ್ರಶ್ನೆ ಅದು. ಅಷ್ಟರಲ್ಲೇ ಹಿಂದಿನಿಂದ ಒಬ್ಬರು, “ಕಥೆ ಬುಡಿ, ನಮ್ಗೂ ಆಡಿ ತೋರ್ಸಿ ಮೇಡಮ್ಮೋರೆ” ಎಂದರು. ಭಾವನ ಕೈಗೆ ಕೀ ಸಿಕ್ಕಿದ್ದು ನಾನು ಒಪ್ಪಿದ ಮೇಲೆಯೇ.

ಮುಂದಿನ ಭಾನುವಾರ ಮಧ್ಯಾಹ್ನ ನನ್ನ ವಿದ್ಯಾರ್ಥಿಗಳು ಮುಖಕ್ಕೆ ಅಕ್ಕಿಹಿಟ್ಟು, ಕಾಡಿಗೆ ಬಳಿದುಕೊಂಡು ಆ ಕಟ್ಟೆಯ ಮುಂದೆ ಆಡಿದರು. ಅಧಿಕಾರಿಯ ಪಾತ್ರದವನು ‘ಏನೂ ಆಗಿಲ್ಲ’ ಎನ್ನುತ್ತಲೇ ಇಡೀ ಊರು, “ಸುಳ್ಳು! ಸುಳ್ಳು!” ಎಂದು ಕೂಗಿತು. ಪಾಪ, ಅವನಿಗೆ ಮುಂದಿನ ಮಾತೇ ಮರೆತುಹೋಯಿತು. ಜೋಂಬಿಗಳೂ ಬಿದ್ದು ಬಿದ್ದು ನಕ್ಕರು.

ಆಟ ಮುಗಿದ ಮೇಲೆ ಊರಿನವರು ನಮ್ಮನ್ನು ಹಾಗೇ ಕಳಿಸಲಿಲ್ಲ. ಬಣ್ಣ ತೊಳೆಯಲೂ ಬಿಡದೆ ಎಲ್ಲರನ್ನೂ ಸಾಲಾಗಿ ಊಟಕ್ಕೆ ಕೂರಿಸಿದರು. ಮುದ್ದೆ, ಅವರೆಕಾಳು ಸಾರು. ಸಾರು ಬಡಿಸುತ್ತಿದ್ದ ಹೆಂಗಸು ನನ್ನ ಪಕ್ಕದ ಬಿಳಿಮುಖದ ಹುಡುಗಿಯ ಮುಂದೆ ನಿಂತು, “ಸತ್ತೋಳಂಗೆ ಕುಂತಿದ್ದೀಯಲ್ಲ, ಇನ್ನೊಂದ್ ಮುದ್ದೆ ಆಕುಸ್ಕೊ ಕಣಮ್ಮಿ” ಎಂದರು. ಅವಳು ತಟ್ಟೆ ಮುಂದೆ ಚಾಚಿದಳು.