ಅಪ್ಪ ಮುಟ್ಟದ ಕುರ್ಚಿ

ನನ್ನ ಅಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದ. ಚಿಕ್ಕ ವಯಸ್ಸಿನಲ್ಲೇ ಅವನ ಕಣ್ಣು ಹೋಗಿತ್ತು. ಆಗೆಲ್ಲ ಕಣ್ಣು ಕಾಣದವರಿಗೆಂದೇ ಈ ಕೆಲಸ ಇರುತ್ತಿತ್ತು. ಗುಮಾಸ್ತರು ಕೂತು ಕೂತು ಹರಿದ ಕುರ್ಚಿಗಳು ಕಚೇರಿಯ ಹಿಂದಿನ ಶೆಡ್ಡಿಗೆ ಬರುತ್ತಿದ್ದವು. ಅಪ್ಪ ಬಕೆಟ್ಟಿನಲ್ಲಿ ನೆನೆಹಾಕಿದ ಬೆತ್ತದ ಪಟ್ಟಿಗಳನ್ನು ಒಂದೊಂದಾಗಿ ಎಳೆದುಕೊಂಡು ತೂತಿನಿಂದ ತೂತಿಗೆ ಪೋಣಿಸುತ್ತಿದ್ದ. ಕಾಲೇಜಿನಲ್ಲಿ ಯಾರಾದರೂ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ‘ಗೌರ್ಮೆಂಟ್ ಸರ್ವಿಸ್’ ಎಂದು ಮಾತು ಮುಗಿಸುತ್ತಿದ್ದೆ. ಸುಳ್ಳಂತೂ ಅಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ದೇವರ ಕುಚೇಷ್ಟೆ ನೋಡಿ, ಇವತ್ತು ನನಗೂ ಅನ್ನ ಹಾಕುತ್ತಿರುವುದು ಕುರ್ಚಿಯೇ. ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಪೀಠೋಪಕರಣದ ಕಂಪನಿಯೊಂದರ ಆಫೀಸಿನಲ್ಲಿದ್ದೇನೆ. ಯಾವ ಕುರ್ಚಿಗೆ ಯಾವ ಸ್ಕ್ರೂ ಎಂಬ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸರಿಯಾಗಿಟ್ಟಿರುವುದು ನನ್ನ ಕೆಲಸ. ಇಲ್ಲಿ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಎಲ್ಲರೂ ಕೆಲಸ ಬಿಟ್ಟು ಕೂತು ಕಾಫಿ ಕುಡಿಯುತ್ತಾರೆ. ಅದಕ್ಕೆ ಫೀಕಾ ಅಂತಾರೆ. ಆ ಹೊತ್ತಿನಲ್ಲಿ ಡಿಸೈನ್ ವಿಭಾಗದವರು ಕಳೆದ ಶತಮಾನದ ಒಬ್ಬ ಇಟಲಿಯವನ ಮಾತು ತೆಗೆಯುತ್ತಿದ್ದರು. ಅವನು ದೊಡ್ಡ ದೊಡ್ಡ ಕಟ್ಟಡಗಳನ್ನು ಕಟ್ಟಿದವನು. ಆದರೆ ಇವರು ನೆನೆಯುತ್ತಿದ್ದುದು ಅವನ ಒಂದು ಕುರ್ಚಿಯನ್ನು. ಕಡಲ ತೀರದ ಯಾವುದೋ ಊರಿನ ಬಡಗಿಗಳು ಹಿಂದಿನಿಂದ ಮಾಡಿಕೊಂಡು ಬಂದಿದ್ದ ಕುರ್ಚಿಯನ್ನೇ ತೆಗೆದುಕೊಂಡು, ವರ್ಷಗಟ್ಟಲೆ ಅದರ ಮೈ ಇಳಿಸುತ್ತಾ ಹೋದನಂತೆ. ಕೊನೆಗೆ ಅದನ್ನು ಒಂದು ಬೆರಳಿನಲ್ಲಿ ಎತ್ತಬಹುದಾಯಿತಂತೆ. ಕೂರುವ ಜಾಗಕ್ಕೆ ಬೆತ್ತದ ಹೆಣಿಗೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇಟಲಿಯವನ ಬೆತ್ತದ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ ನಾನು ಅಪ್ಪನ ಬೆತ್ತದ ಬಗ್ಗೆ ಆ ಮೇಜಿನಲ್ಲಿ ಒಮ್ಮೆಯೂ ತುಟಿ ಬಿಚ್ಚಲಿಲ್ಲ.

ಒಂದು ಬೇಸಿಗೆಯಲ್ಲಿ ಅಪ್ಪನನ್ನು ಇಲ್ಲಿಗೆ ಕರೆಸಿಕೊಂಡೆ. ಬಂದ ಮೊದಲ ದಿನವೇ ನನ್ನ ಊಟದ ಮೇಜಿನ ಕುರ್ಚಿಗಳನ್ನೆಲ್ಲ ಬುಡಮೇಲು ಮಾಡಿ ತಡವಿದ. ಅವನ ಕ್ರಮವೇ ಹಾಗೆ. ಯಾವ ಕುರ್ಚಿ ಸಿಕ್ಕರೂ ಮೊದಲು ಮಗುಚಿ ಹಾಕಿ ಅಡಿಯಿಂದ ಮುಟ್ಟಬೇಕು. ಮೇಲಿನದೆಲ್ಲ ಕೂರುವವರಿಗೆ, ಕೆಲಸ ಇರುವುದು ಕೆಳಗೆ ಅನ್ನುತ್ತಿದ್ದ.

“ಏನಮ್ಮ ಇದು, ರಟ್ಟಾ?” ಅಂದ.

“ನಮ್ಮ ಕಂಪನೀದೇ ಅಪ್ಪ.”

“ಹಂಗಾದ್ರೆ ಜೋರಾಗಿ ಹೇಳ್ಬೇಡ ಬಿಡು.”

ಅವನ ಬಾಯಿ ಮುಚ್ಚಿಸಲೆಂದೇ ಇಟಲಿಯವನ ಕುರ್ಚಿಯ ಸಂಗತಿ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

“ಹೆಣೆದೋರು ಯಾರು?”

“ಅದು ಯಾರಿಗೂ ಗೊತ್ತಿಲ್ಲಪ್ಪ.”

“ಅಷ್ಟು ಸಣ್ಣ ಚೌಕಟ್ಟಿಗೆ ಒದ್ದೆ ಬೆತ್ತ ಬಿಗಿದ್ರೆ, ಒಣಗ್ತಾ ಒಣಗ್ತಾ ಮರಾನೇ ಎಳ್ಕೊಂಡ್ಬಿಡತ್ತೆ. ಅವರು ಏನೋ ಉಪಾಯ ಮಾಡಿರ್ಬೇಕು. ಅಡಿಗೆ ಕೈ ಹಾಕಿದ್ರೆ ಗೊತ್ತಾಗತ್ತೆ.”

ಆಮೇಲೆ ಎರಡು ದಿನ ಅದೇ ಧ್ಯಾನ. ಹತ್ತಿರದ ಊರಿನ ಸಣ್ಣ ಮ್ಯೂಸಿಯಂನಲ್ಲಿ ಆ ಕುರ್ಚಿ ಒಂದಿದೆ ಎಂದು ಗೊತ್ತಿತ್ತು. ಶನಿವಾರ ರೈಲಿನಲ್ಲಿ ಕರೆದುಕೊಂಡು ಹೋದೆ. ಅಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಉಗುರು ಕತ್ತರಿಸಿಕೊಂಡು ಬಂದಿದ್ದ.

ಕುರ್ಚಿಯನ್ನು ಗೇಣೆತ್ತರದ ಕಟ್ಟೆಯ ಮೇಲೆ ಇಟ್ಟಿದ್ದರು. ಇದೇ ಅಪ್ಪ, ನಿನ್ನ ಮುಂದೇನೇ ಇದೆ ಅಂದೆ. ಅಂದದ್ದೇ ತಡ, ಅಪ್ಪ ಮಂಡಿಯೂರಿ, ಒಂದು ಕೈಯಿಂದ ಕಟ್ಟೆಯ ಅಂಚು ಹುಡುಕಿಕೊಂಡು, ಇನ್ನೊಂದು ಕೈಯನ್ನು ಕುರ್ಚಿಯ ಕಾಲಿನತ್ತ ಚಾಚಿದ. ಮಗುಚಲಿಕ್ಕೆ. ಶೆಡ್ಡಿನಲ್ಲಿ ಜೀವಮಾನವಿಡೀ ಮಾಡಿದ ಹಾಗೆ. ನಾನು ಅವನ ಮಣಿಕಟ್ಟು ಹಿಡಿದು ಎಳೆದುಬಿಟ್ಟೆ.

“ಮುಟ್ಟೋ ಹಾಗಿಲ್ಲಪ್ಪ. ಎಲ್ರೂ ನೋಡ್ತಿದಾರೆ.”

ಯಾರೂ ನೋಡುತ್ತಿರಲಿಲ್ಲ. ಕಾವಲಿನವನು ದೂರದ ಕಿಟಕಿಯ ಬಳಿ ನಿಂತಿದ್ದ, ಇತ್ತ ತಿರುಗಿಯೂ ಇರಲಿಲ್ಲ. ಒಂದು ಮಾತು ಹೋಗಿ ಕೇಳಬಹುದಿತ್ತು. ಕೇಳಬೇಕೆಂದು ಹೊಳೆಯಲೇ ಇಲ್ಲ. ನಾಚಿಕೆ ಅಷ್ಟು ಬೇಗ ಬಂತು, ಕಾಲೇಜಿನ ದಿನಗಳಲ್ಲಿ ಬರುತ್ತಿದ್ದಷ್ಟೇ ಬೇಗ.

ಅಪ್ಪ ಕೈ ಹಿಂದಕ್ಕೆಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. “ಸರಿ ಬಿಡು. ನೀನೇ ನೋಡಿ ಹೇಳು,” ಅಂದ. ನಾನು ಹೇಳಿದೆ: ಮರ ಕಪ್ಪು, ಬೆತ್ತ ತಿಳಿ ಹಳದಿ, ಹೆಣಿಗೆಯ ಕಣ್ಣುಗಳು ಒಂದೇ ಸಮ. ಅಪ್ಪ ತಾಳ್ಮೆಯಿಂದ ಕೇಳಿ, “ಅದು ಮೇಲಿಂದು,” ಅಂದ.

ಬೆಂಗಳೂರಿಗೆ ಮರಳಿದ ಮೇಲೆ ಅಪ್ಪ ಭಾನುವಾರದ ಫೋನಿನಲ್ಲಿ ಎರಡು ಮೂರು ಸಲ ವಿಚಾರಿಸಿದ್ದ, “ಅಡಿ ಹೆಂಗಿದೆ ಅಂತ ಕೇಳಿದ್ಯಾ?” ಪುರುಸೊತ್ತಾಗಲಿಲ್ಲ ಅಂದೆ. ರೈಲಿನಲ್ಲಿ ಅರ್ಧ ಗಂಟೆಯ ದಾರಿಗೆ ನನಗೆ ಪುರುಸೊತ್ತಿರಲಿಲ್ಲ. ಆ ಚಳಿಗಾಲದಲ್ಲೇ ಅಪ್ಪ ತೀರಿಹೋದ.

ಹೋದ ತಿಂಗಳು ಫೀಕಾ ಹೊತ್ತಿನಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ ತನ್ನ ಚಿಕ್ಕಮ್ಮನ ವಿಷಯ ಹೇಳುತ್ತಿದ್ದಳು. ಆಕೆಗೆ ದೃಷ್ಟಿ ಹೋಗಿದೆಯಂತೆ. ಆದರೂ ಮ್ಯೂಸಿಯಂಗೆ ಹೋಗಿ ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡಿ ಬಂದಳಂತೆ. ಯಾವ ಮ್ಯೂಸಿಯಂ ಎಂದು ಕೇಳಿದೆ. ಅದೇ.

ಅಲ್ಲಿಗೆ ಫೋನು ಮಾಡಿದೆ. ಅಂಥ ಏರ್ಪಾಡು ನಿಜವಾಗಿ ಇದೆಯೇ ಎಂದು ತಿಳಿದರೆ ಸಾಕಿತ್ತು, ಅಥವಾ ಇಲ್ಲ ಎಂದು ಯಾರಾದರೂ ಹೇಳಲಿ ಎಂಬ ಆಸೆಯೋ ಏನೋ. ಫೋನೆತ್ತಿದ ಹೆಂಗಸು ಹೇಳಿದರು, “ಖಂಡಿತ ಇದೆ, ಎಷ್ಟೋ ವರ್ಷದಿಂದ ಇದೆ. ಹಿಂದಿನ ದಿನ ತಿಳಿಸಿದರೆ ಸಾಕು. ಯಾರಿಗೆ ಬೇಕಾಗಿತ್ತು?”

“ನನ್ನ ಅಪ್ಪನಿಗೆ,” ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನನ್ನ ಹರಕು ಮುರುಕು ಸ್ವೀಡಿಶ್‌ನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಕುರ್ಚಿ ಹೆಣೆಯುವವನು, ಅದೇ ಅವನ ಉದ್ಯೋಗ, ಯಾವ ಕುರ್ಚಿಯನ್ನಾದರೂ ಮೊದಲು ಅಡಿಯಿಂದಲೇ ಮುಟ್ಟುತ್ತಾನೆ. ಈ ಮಾತನ್ನು ಪರರ ಮುಂದೆ ನಾನು ಆಡಿದ್ದು ಅದೇ ಮೊದಲು.

ಆಕೆಗೆ ಖುಷಿಯಾಯಿತು. “ಹಾಗಾದರೆ ಅವರಿಂದ ನಾವೂ ಕಲಿಯಬಹುದು. ಯಾವತ್ತು ಕರೆದುಕೊಂಡು ಬರ್ತೀರಿ?”

“ಗುರುವಾರ,” ಎಂದೆ.

ಗುರುವಾರ ಹೋದೆ. ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ದಪ್ಪ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಆ ಕುರ್ಚಿ. ಕಾಲು ಮೇಲಾಗಿ ಮಗುಚಿ ಇಟ್ಟಿದ್ದರು. ಹೆಣಿಗೆಯ ಕೊನೆಗಳು, ಗಂಟುಗಳು, ಎಲ್ಲ ನನ್ನ ಕಣ್ಣೆದುರಿಗೇ ಇದ್ದವು. ನನಗೆ ಒಂದೂ ಅರ್ಥವಾಗಲಿಲ್ಲ. ಕಲಿಸುತ್ತೇನೆ ಬಾ ಎಂದು ಅಪ್ಪ ಶೆಡ್ಡಿಗೆ ಕರೆದಾಗಲೆಲ್ಲ ನಾನು ಹೋಗಿರಲಿಲ್ಲ.

ಆ ಹೆಂಗಸು ನನ್ನ ಬೆನ್ನ ಹಿಂದೆ, ಬಾಗಿಲ ಕಡೆ ನೋಡಿದರು. “ಅಪ್ಪ ನಿಧಾನವಾಗಿ ಬರ್ತಿದಾರಾ? ಕಾಯೋಣವಾ?”

ನಿಜ ಹೇಳಬೇಕಿತ್ತು.

“ಸ್ವಲ್ಪ ಹೊತ್ತು ಕಾಯೋಣ,” ಎಂದೆ.

ಅವರು ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ನನ್ನ ಪಕ್ಕ ಕೂತರು.